ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ ಕಡೆ ಹೊರಟವರು, ಹೋಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಇತಿಹಾಸದ ಮೇಷ್ಟ್ರಲ್ಲ, ಆ ಗುಡಿಯ ಹುಚ್ಚು ಹಿಡಿದವನು ಅಷ್ಟೇ.

ವಿರೂಪಾಕ್ಷ ಅಂದ್ರೆ ಹಂಪಿದಲ್ವಾ?

ಅದು ಬೇರೆ, ಇದು ಬೇರೆ. ಹಂಪಿಯ ವಿರೂಪಾಕ್ಷ ಗುಡಿ ಇವತ್ತು ನಮಗೆ ಕಾಣುವ ರೂಪಕ್ಕೆ ಬಂದದ್ದು ಬಹುಪಾಲು ವಿಜಯನಗರದ ಕಾಲದಲ್ಲಿ. ಪಟ್ಟದಕಲ್ಲಿನ ಗುಡಿ ಕ್ರಿ.ಶ. 740ರ ಸುಮಾರಿನದು. ಅಂದರೆ ವಿಜಯನಗರ ಹುಟ್ಟುವುದಕ್ಕೂ ಆರು ನೂರು ವರ್ಷ ಮೊದಲು ಇಲ್ಲಿ ಗಂಟೆ ಬಾರಿಸುತ್ತಿತ್ತು. ಊರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾ ನದಿಯ ದಡದಲ್ಲಿದೆ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್.

ಇನ್ನೊಂದು ಮಾತು. ಕಟ್ಟಿದಾಗ ಇದರ ಹೆಸರು ವಿರೂಪಾಕ್ಷ ಅಲ್ಲವೇ ಅಲ್ಲ, ಲೋಕೇಶ್ವರ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

ಯಾವ ರಾಜ ಕಟ್ಟಿಸಿದ್ದು?

ರಾಜ ಅಲ್ಲ, ರಾಣಿ. ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ. ಅವಳ ಹೆಸರಿನಿಂದಲೇ ಲೋಕೇಶ್ವರ. ಗಂಡ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದಳು. ನಾನು ಮೊದಲ ಸಲ ಹೋದಾಗ ಒಬ್ಬ ಗೈಡ್ "ಮಹಾರಾಜರು ಕಟ್ಟಿಸಿದ್ದು, ರಾಣಿಯವರು ಜೊತೆಗಿದ್ರು" ಅಂದಿದ್ದ. ಹೆಬ್ಬಾಗಿಲಿನ ಶಾಸನದಲ್ಲಿ ರಾಣಿಯ ಹೆಸರು ಕಲ್ಲಲ್ಲೇ ಕೊರೆದಿದೆ, ಅವನು ಬೆನ್ನು ಕೊಟ್ಟು ನಿಂತಿದ್ದದ್ದೂ ಅದೇ ಹೆಬ್ಬಾಗಿಲಿಗೆ.

ಪಕ್ಕದಲ್ಲೇ ಇರುವ, ಇದಕ್ಕಿಂತ ಸ್ವಲ್ಪ ಚಿಕ್ಕದಾದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದ್ದು ಅವಳ ತಂಗಿ ತ್ರೈಲೋಕ್ಯಮಹಾದೇವಿ. ಅಕ್ಕತಂಗಿಯರಿಬ್ಬರೂ ವಿಕ್ರಮಾದಿತ್ಯನ ರಾಣಿಯರೇ. ತಂಗಿಯ ಗುಡಿಯ ಹಳೆಯ ಹೆಸರು ತ್ರೈಲೋಕ್ಯೇಶ್ವರ. ಎರಡೂ ಅಕ್ಕಪಕ್ಕ ನಿಂತಿರೋದು ನೋಡಿದರೆ ಒಂದೇ ಅಂಗಳದಲ್ಲಿ ಇಬ್ಬರ ಮನೆ ಅನ್ನಿಸುತ್ತೆ. ಕೊನೆಗೆ ಪಟ್ಟಕ್ಕೆ ಬಂದದ್ದು ತಂಗಿಯ ಮಗ, ಎರಡನೇ ಕೀರ್ತಿವರ್ಮ.

ಕಂಚಿ ಗೆದ್ದಿದ್ದಕ್ಕೆ ಇಷ್ಟು ಸಂಭ್ರಮ ಯಾಕೆ?

ಹಳೆ ಲೆಕ್ಕ ಇತ್ತು. ಅದಕ್ಕೂ ಸುಮಾರು ನೂರು ವರ್ಷ ಮೊದಲು, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಗೇ ನುಗ್ಗಿ ಊರು ಹಾಳು ಮಾಡಿದ್ದ. ಅವನು ಗೆದ್ದ ಗುರುತಿನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲಿದೆ. ಮನೆಯೊಳಗೆ ಬಂದು ಹೊಡೆದು ಹೋದವರನ್ನು ಯಾರು ಮರೀತಾರೆ?

ಹೀಗಿರುವಾಗ ವಿಕ್ರಮಾದಿತ್ಯ ಕಂಚಿಗೆ ಹೋದರೆ ಏನು ಮಾಡಬೇಕಿತ್ತು ನೀವೇ ಹೇಳಿ. ಅವನು ಊರು ಸುಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರ ಗುಡಿಗೆ ಹೋದ. ಈಗ ನಾವು ಕೈಲಾಸನಾಥ ಅಂತ ಕರೆಯುವ ಗುಡಿ ಅದು. ಅದರ ಸಂಪತ್ತನ್ನು ನೋಡಿ, ಮುಟ್ಟದೆ, ದೇವರಿಗೇ ವಾಪಸ್ ಬಿಟ್ಟುಕೊಟ್ಟ. ಇದು ಕಟ್ಟುಕಥೆ ಅಲ್ಲ. ಅದೇ ಗುಡಿಯ ಮಂಟಪದ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿಟ್ಟಿದ್ದಾನೆ. ತಮಿಳುನಾಡಿನ ನಡುಮಧ್ಯೆ, ಪಲ್ಲವರ ಗುಡಿಯಲ್ಲಿ, ಹಳೆಗನ್ನಡದ ಶಾಸನ! ಈ ಅಕ್ಷರ ಕೆಡಿಸಿದವರಿಗೆ ಊರಿನ ಘಟಿಕೆಯ (ಅಂದರೆ ವಿದ್ಯಾಪೀಠದ) ಮಹಾಜನರನ್ನು ಕೊಂದ ಪಾಪ ಬರಲಿ ಅಂತ ಶಾಪವೂ ಇದೆ. ಕಂಚಿಗೆ ಸೀರೆ ತರೋಕೆ ಹೋಗುವವರು ಒಂದು ಗಂಟೆ ಬಿಡುವು ಮಾಡಿಕೊಂಡು ಅದನ್ನು ನೋಡಿ ಬನ್ನಿ.

ಹಾಗಾದರೆ ಶಿಲ್ಪಿಗಳನ್ನು ಕಂಚಿಯಿಂದ ಹಿಡಿದು ತಂದರಾ?

ಎಲ್ಲರೂ ಹೀಗೇ ಹೇಳ್ತಾರೆ. ನನಗೆ ಒಪ್ಪಿಗೆ ಇಲ್ಲ.

ಈ ಗುಡಿಗೂ ಕಂಚಿಯ ಕೈಲಾಸನಾಥಕ್ಕೂ ಹೋಲಿಕೆ ಇರೋದು ನಿಜ. ಸುತ್ತ ಗೋಡೆ, ಗೋಡೆಗೆ ಅಂಟಿಕೊಂಡ ಚಿಕ್ಕ ಚಿಕ್ಕ ಗುಡಿಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ, ಅಂದರೆ ದಕ್ಷಿಣದ ರೀತಿಯ, ವಿಮಾನ (ಗರ್ಭಗುಡಿಯ ಮೇಲಿನ ಗೋಪುರ). ಕಂಚಿಯದನ್ನು ನೋಡಿ ಮನಸ್ಸಿಗೆ ತಂದುಕೊಂಡಿದ್ದಾರೆ ಅನ್ನಬಹುದು. ಆದರೆ ದ್ರಾವಿಡ ರೀತಿಯಲ್ಲಿ ಕಟ್ಟೋದು ಚಾಲುಕ್ಯರಿಗೆ ಅಷ್ಟೊತ್ತಿಗೆ ಹೊಸದೇನೂ ಆಗಿರಲಿಲ್ಲ. ಬಾದಾಮಿಯ ಮಾಲೆಗಿತ್ತಿ ಶಿವಾಲಯ ಏಳನೇ ಶತಮಾನದ್ದು. ಪಟ್ಟದಕಲ್ಲಿನಲ್ಲೇ ವಿಕ್ರಮಾದಿತ್ಯನ ಅಪ್ಪ ವಿಜಯಾದಿತ್ಯ (696–733) ಕಟ್ಟಿಸಿದ ಸಂಗಮೇಶ್ವರ ಗುಡಿ ಇದೆ, ಅದೂ ದ್ರಾವಿಡವೇ. ಮನೆಯಲ್ಲೇ ಕಸುಬು ಗೊತ್ತಿದ್ದವರು ಬೇರೆ ಊರಿಗೆ ಹೋಗಿ ಒಂದು ಒಳ್ಳೇ ಕಟ್ಟಡ ನೋಡಿ ಬಂದು ಅದಕ್ಕಿಂತ ದೊಡ್ಡದಾಗಿ ಕೈ ಹಚ್ಚಿದರು. ನನ್ನ ಲೆಕ್ಕ ಇದು.

ಗೊಂದಲಕ್ಕೆ ಒಂದು ಕಾರಣ ಇದೆ. ಇಲ್ಲಿನ ಶಾಸನವೊಂದು ಸರ್ವಸಿದ್ಧಿ ಆಚಾರಿ ಎಂಬುವನನ್ನು ತೆಂಕಣ ದೆಸೆಯ ಸೂತ್ರಧಾರಿ ಅನ್ನುತ್ತದೆ. ಸೂತ್ರಧಾರಿ ಅಂದರೆ ಕಟ್ಟಡದ ಕೆಲಸ ನಡೆಸುವ ಶಿಲ್ಪಿ. ತೆಂಕಣ ಅಂದರೆ ದಕ್ಷಿಣ ದೇಶ ಅಂತ ಕೆಲವರು ಓದಿದರು, ಗುಡಿಯ ದಕ್ಷಿಣ ಭಾಗ ಅಂತ ಇನ್ನು ಕೆಲವರು ಓದಿದರು. ಮೊದಲನೆಯ ಓದನ್ನೇ ಹಿಡಿದುಕೊಂಡರೆ ಕಂಚಿಯ ಕಥೆ ಸಲೀಸಾಗಿ ಹುಟ್ಟುತ್ತೆ.

ಕಟ್ಟಿದ ಶಿಲ್ಪಿಯ ಹೆಸರು ಗೊತ್ತಾ?

ಗೊತ್ತು. ಈ ಗುಡಿ ನನಗೆ ಇಷ್ಟ ಆಗೋದೇ ಇದಕ್ಕೆ. ನಮ್ಮ ದೇಶದ ಎಷ್ಟೋ ದೊಡ್ಡ ಗುಡಿಗಳಿಗೆ ಕಟ್ಟಿಸಿದವರ ಹೆಸರಿದೆ, ಕಟ್ಟಿದವರ ಹೆಸರಿಲ್ಲ. ಇಲ್ಲಿ ಎರಡೂ ಇದೆ, ಅದೂ ಹೆಬ್ಬಾಗಿಲಲ್ಲೇ.

ಮುಖ್ಯ ಸೂತ್ರಧಾರಿ ಗುಂಡ. ಅವನ ಬಿರುದು ಅನಿವಾರಿತಾಚಾರಿ. ಅನಿವಾರಿತ ಅಂದರೆ ತಡೆಯೇ ಇಲ್ಲದವನು, ಚಾಲುಕ್ಯ ಅರಸರು ತಮಗೇ ಇಟ್ಟುಕೊಳ್ಳುತ್ತಿದ್ದ ಬಿರುದು. ಅದನ್ನು ಕಲ್ಲು ಕಡೆಯುವ ಆಚಾರಿಗೆ ಕೊಟ್ಟಿದ್ದಾರೆ. ಸಾಲದು ಅಂತ ಪೆರ್ಜೆರೆಪು ಎಂಬ ಗೌರವದ ಪಟ್ಟ ಕಟ್ಟಿದ್ದಾರೆ. ಹಣೆಗೆ ಪಟ್ಟ ಕಟ್ಟೋದು ಅಂದರೆ ಸುಮ್ನೆ ಶಾಲು ಹೊದಿಸಿದ ಹಾಗಲ್ಲ. ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿಯ ಗುಡಿಯನ್ನು ಕಟ್ಟಿದವನಿಗೆ ಈ ಪಟ್ಟ ಅಂತ ಶಾಸನ ಹೇಳುತ್ತದೆ. ರಾಜನ ಗೆಲುವು, ರಾಣಿಯ ಗುಡಿ, ಆಚಾರಿಯ ಕೈ, ಮೂರೂ ಒಂದೇ ಶಾಸನದಲ್ಲಿ.

ಸರ್ವಸಿದ್ಧಿ ಆಚಾರಿಯ ಬಗ್ಗೆ ಬರೆದದ್ದು ಇನ್ನೂ ಚೆಂದ. ಊರುಗಳನ್ನು ಕಟ್ಟಿದವನು, ಮನೆ, ಅರಮನೆ, ವಾಹನ, ಪೀಠ, ಮಂಚ ಎಲ್ಲದರಲ್ಲೂ ಪಳಗಿದವನು, ಮಾತಿನಲ್ಲೂ ನಯವಾದವನು ಅಂತ ಹೊಗಳಿದ್ದಾರೆ. ಗುಡಿಯ ಜೊತೆಗೆ ಮಂಚವನ್ನೂ ಮಾಡುತ್ತಿದ್ದ ಮನುಷ್ಯ! ಅರ್ಧ ಕಿಲೋಮೀಟರ್ ದೂರದ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಎಂಬ ಇನ್ನೊಬ್ಬನ ಹೆಸರಿದೆ, ಅವನು ಈ ಸರ್ವಸಿದ್ಧಿ ಆಚಾರಿಯ ಪರಂಪರೆಯವನೇ. ಓಜ, ಓವಜ್ಜ ಅಂದರೆ ಉಪಾಧ್ಯಾಯ. ಗುರು ಶಿಷ್ಯರ ಕೈಕೆಲಸ ಒಂದೇ ಊರಿನ ಎರಡು ಗುಡಿಗಳಲ್ಲಿ ನೋಡೋಕೆ ಸಿಗುತ್ತೆ.

ಒಳಗೆ ಏನೇನು, ಯಾವ ಕ್ರಮದಲ್ಲಿ ನೋಡಬೇಕು?

ನನ್ನ ಸಲಹೆ: ನದಿ ಕಡೆಯ ಪೂರ್ವದ ಹೆಬ್ಬಾಗಿಲಿನಿಂದ ಶುರು ಮಾಡಿ. ಜಾಸ್ತಿ ಜನ ಪಕ್ಕದಿಂದ ನುಗ್ಗಿ, ನಂದಿಯ ಜೊತೆ ಫೋಟೊ ತೆಗೆದುಕೊಂಡು, ಒಳಗೆ ಕೈ ಮುಗಿದು, ಹೊರಟುಬಿಡ್ತಾರೆ. ಹೆಬ್ಬಾಗಿಲಿನ ಹತ್ತಿರ ಒಂದು ನರಪಿಳ್ಳೆಯೂ ಇರಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಅಕ್ಷರದ ಗುಂಡಿಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಕಾಣುತ್ತವೆ. ಮಧ್ಯಾಹ್ನ ಹೋದರೆ ಅದೇ ಕಲ್ಲು ಬರೀ ಒರಟು ಕಲ್ಲು.

ಅಲ್ಲಿಂದ ನಂದಿ ಮಂಟಪ. ಗುಡಿಯೆಲ್ಲ ಕೆಂಪು ಮರಳುಗಲ್ಲು, ನಂದಿ ಮಾತ್ರ ಹಸಿರು ಕಪ್ಪಿನ ನುಣ್ಣನೆ ಕಲ್ಲು. ಎಷ್ಟು ಕೈ ಸವರಿದೆಯೋ, ಬೆನ್ನು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಮೈಮೇಲೆ ಸಾಮಾನ್ಯವಾಗಿ ಒಂದು ಬಟ್ಟೆ ಹೊದಿಸಿರ್ತಾರೆ.

ಆಮೇಲೆ ಮುಖಮಂಟಪ. ಪೂರ್ವ, ಉತ್ತರ, ದಕ್ಷಿಣ, ಹೀಗೆ ಮೂರು ಕಡೆ ಇದೆ. ಪೂರ್ವದ್ದರಲ್ಲಿ ನಿಂತು ತಲೆ ಎತ್ತಿ. ಏಳು ಕುದುರೆಯ ರಥದಲ್ಲಿ ಸೂರ್ಯ ಬರುತ್ತಿದ್ದಾನೆ, ಎರಡೂ ಪಕ್ಕ ಉಷೆ, ಪ್ರತ್ಯುಷೆ ಬಿಲ್ಲು ಹಿಡಿದಿದ್ದಾರೆ. ಸೂರ್ಯ ಹುಟ್ಟುವ ದಿಕ್ಕಿಗೆ ಸೂರ್ಯನನ್ನೇ ಇಟ್ಟಿದ್ದಾರೆ ನೋಡಿ.

ಸಭಾಮಂಟಪದಲ್ಲಿ 18 ದಪ್ಪ ಕಂಬಗಳಿವೆ. ಇಲ್ಲಿ ಆತುರ ಬೇಡ. ಕಂಬದ ಮೇಲೆ ಅಡ್ಡ ಪಟ್ಟಿಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು ಓಡುತ್ತವೆ. ಬಾಣದ ಹಾಸಿಗೆಯ ಮೇಲೆ ಮಲಗಿದ ಭೀಷ್ಮನನ್ನು ಹುಡುಕಿ. ಎಲ್ಲಾ ಸೇರಿ ಒಂದು ಗೇಣಿನ ಆಸುಪಾಸಿನ ಜಾಗ, ಅಷ್ಟರಲ್ಲೇ ರಥ, ಕುದುರೆ, ಯುದ್ಧ ಎಲ್ಲಾ ಇದೆ. ನಾನು ಒಂದು ಸಲ ನನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಏಳು ವರ್ಷದ ಹುಡುಗಿ. ಮೊಬೈಲ್ ಟಾರ್ಚ್ ಅನ್ನು ಕಂಬಕ್ಕೆ ಓರೆಯಾಗಿ ಹಿಡಿದು "ಮಾಮಾ, ಇವನಿಗೆ ಚುಚ್ಚಲ್ವಾ?" ಅಂತ ಕೇಳಿದಳು. ಅವಳಿಗೆ ಇಚ್ಛಾಮರಣದ ಕಥೆ ಹೇಳೋ ಹೊತ್ತಿಗೆ ನಮ್ಮ ಸುತ್ತ ಹತ್ತು ಜನ ಸೇರಿದ್ದರು. ಟಾರ್ಚ್ ಓರೆಯಾಗಿ ಹಿಡಿಯೋದು ಒಳ್ಳೇ ಉಪಾಯ, ನೇರ ಹಿಡಿದರೆ ಏನೂ ಕಾಣಲ್ಲ.

ಗರ್ಭಗುಡಿಯ ಮುಂದೆ ಎರಡು ಚಿಕ್ಕ ಗುಡಿಗಳು, ಒಂದರಲ್ಲಿ ಮಹಿಷಮರ್ದಿನಿ, ಇನ್ನೊಂದು ಗಣಪತಿಗೆ. ಗರ್ಭಗುಡಿಯ ಸುತ್ತ ಮುಚ್ಚಿದ ಪ್ರದಕ್ಷಿಣೆಯ ದಾರಿ ಇದೆ. ಬೆಳಕಿಗೆ ಬರೀ ಕಲ್ಲಿನ ಜಾಲಂಧ್ರಗಳು. ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಕಿಟಕಿಯ ಕಂಡಿಯಿಂದ ಬಿಸಿಲು ನೆಲಕ್ಕೆ ಬಿದ್ದಾಗ ರಂಗೋಲಿ ಹಾಕಿದ ಹಾಗಿರುತ್ತೆ, ಹೊತ್ತು ಏರಿದಂತೆ ರಂಗೋಲಿ ಮೆಲ್ಲಗೆ ಸರಿಯುತ್ತೆ.

ಹೊರಗೋಡೆಗೆ ಬೇರೆಯೇ ಅರ್ಧ ಗಂಟೆ ಇಡಿ. ಲಿಂಗೋದ್ಭವ, ನಟರಾಜ, ಅರ್ಧನಾರೀಶ್ವರ, ತ್ರಿವಿಕ್ರಮ, ಕೈಲಾಸ ಎತ್ತುವ ರಾವಣ, ರಾವಣನ ಮೇಲೆ ಎರಗುವ ಜಟಾಯು. ಶಿವನ ಗುಡಿಯಾದರೂ ವಿಷ್ಣುವಿಗೆ ಗೋಡೆಯಲ್ಲಿ ಧಾರಾಳ ಜಾಗ ಇದೆ.

ನಾಗರ, ದ್ರಾವಿಡ ಅಂತಾರಲ್ಲ, ನೋಡಿ ಹೇಳೋದು ಹೇಗೆ?

ತಲೆ ನೋಡಿ. ಮೆಟ್ಟಿಲು ಮೆಟ್ಟಿಲಾಗಿ, ಅಂತಸ್ತು ಅಂತಸ್ತಾಗಿ ಏರಿದರೆ ದ್ರಾವಿಡ. ಗೋಪುರ ಬುಡದಿಂದಲೇ ಬಾಗುತ್ತಾ ಒಂದೇ ಗೆರೆಯಲ್ಲಿ ಮೇಲೆ ಹೋಗಿ, ತುದಿಯಲ್ಲಿ ನೆಲ್ಲಿಕಾಯಿಯಂಥ ಆಮಲಕ ಇದ್ದರೆ ನಾಗರ. ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ದ್ರಾವಿಡ. ಗಳಗನಾಥ, ಕಾಡಸಿದ್ಧೇಶ್ವರ, ಜಂಬುಲಿಂಗ, ಕಾಶಿ ವಿಶ್ವನಾಥ ನಾಗರ. ಪಾಪನಾಥ ಎರಡೂ ಕಲಸಿದ್ದು, ಮೇಲೆ ನಾಗರ, ಗೋಡೆಯಲ್ಲಿ ದ್ರಾವಿಡದ ಗುರುತುಗಳು. ಇವೆಲ್ಲ ಹತ್ತಿರ ಹತ್ತಿರ ನಿಂತಿರುವುದೇ ಈ ಊರಿನ ವಿಶೇಷ. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಉತ್ತರ ದಕ್ಷಿಣದ ರೀತಿಗಳು ಇಲ್ಲಿ ಹದವಾಗಿ ಬೆರೆತಿರುವುದನ್ನೇ ಎತ್ತಿ ಹೇಳಿದೆ. ಲೆಕ್ಕಕ್ಕೆ ಒಂಬತ್ತು ಶಿವಾಲಯ, ಒಂದು ಜಿನಾಲಯ. ಜಿನಾಲಯ ಸ್ವಲ್ಪ ದೂರ, ಬಾದಾಮಿ ರಸ್ತೆಯಲ್ಲಿದೆ, ರಾಷ್ಟ್ರಕೂಟರ ಕಾಲದ್ದು.

ವಿರೂಪಾಕ್ಷದಲ್ಲಿ ಇನ್ನೊಂದು ಗಮನಿಸಿ. ವಿಮಾನದ ಮುಂಭಾಗದಿಂದ ಮೂಗಿನ ಹಾಗೆ ಮುಂದಕ್ಕೆ ಚಾಚಿದ ಭಾಗ ಇದೆ. ಅದು ಶುಕನಾಸ. ಕಂಚಿಯಲ್ಲಿ ಇದಿಲ್ಲ. ಮುಂದೆ ಕರ್ನಾಟಕದ ಗುಡಿಗಳಲ್ಲಿ, ಹೊಯ್ಸಳರವರೆಗೂ, ಇದು ಬರುತ್ತಲೇ ಹೋಗುತ್ತೆ.

ಕಲ್ಲು ಎಲ್ಲಿಂದ ತಂದರು? ಗಾರೆ ಹಾಕಿದ್ದಾರಾ?

ಬಾದಾಮಿ ಸೀಮೆಯ ಗುಡ್ಡಗಳೇ ಮರಳುಗಲ್ಲು, ಹೊರಗಿಂದ ತರಬೇಕಾಗಿರಲಿಲ್ಲ. ಊರಿನ ಉತ್ತರಕ್ಕೆ ಐದಾರು ಕಿಲೋಮೀಟರ್ ದೂರದ ಗುಡ್ಡದಲ್ಲಿ ಆ ಕಾಲದ ಕಲ್ಲಿನ ಗಣಿ ಸಿಕ್ಕಿದೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಭಾರದಲ್ಲೇ ನಿಲ್ಲಿಸಿದ್ದಾರೆ. ಮರಳುಗಲ್ಲು ಬೇಲೂರಿನ ಬಳಪದ ಕಲ್ಲಿನಷ್ಟು ನುಣ್ಣನೆಯ ಕೆಲಸಕ್ಕೆ ಬಗ್ಗುವುದಿಲ್ಲ. ಅದಕ್ಕೇ ಇಲ್ಲಿನ ಮೂರ್ತಿಗಳಲ್ಲಿ ಒಡವೆಗಿಂತ ಮೈಕಟ್ಟು, ನಿಲುವು ಜಾಸ್ತಿ ಕಣ್ಣಿಗೆ ಬೀಳುತ್ತೆ. ನನಗೆ ಇದೇ ಹೆಚ್ಚು ಇಷ್ಟ. ಬೇಲೂರಿನವರು ಬೈಬೇಡಿ.

ಪಟ್ಟದಕಲ್ಲು ಅನ್ನೋ ಹೆಸರು ಪಟ್ಟಾಭಿಷೇಕದಿಂದ ಬಂತಾ?

ಹೌದು, ಚಾಲುಕ್ಯರ ಪಟ್ಟಾಭಿಷೇಕ ಇಲ್ಲಿ ನಡೆಯುತ್ತಿತ್ತು ಅನ್ನೋ ನಂಬಿಕೆಯಿಂದ. ಇದಕ್ಕಿಂತ ಹಳೆಯ ಹೆಸರು ಕಿಸುವೊಳಲ್. ಕಿಸು ಅಂದರೆ ಕೆಂಪು, ಪೊಳಲ್ ಅಂದರೆ ಪಟ್ಟಣ. ಗುಡ್ಡ, ಮಣ್ಣು, ಗುಡಿ ನೋಡಿದರೆ ಬೇರೆ ಹೆಸರು ಹೊಳೆಯುವುದೇ ಇಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನಾಡು ಅಂತ ಬರುತ್ತೆ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಟಿಕೆಟ್ ಕೌಂಟರ್ ಹತ್ತಿರ ಯಾರಾದರೂ "ಎಲ್ಲಿಂದ ಬಂದ್ರಿ?" ಅಂತ ಕೇಳಿದರೆ ಸ್ವಲ್ಪ ಹೊತ್ತು ಮಾತಾಡಿ, ತಿರುಳು ಇನ್ನೂ ಅಲ್ಲೇ ಇದೆ.

ಎಲ್ಲೋರದ ಕೈಲಾಸ ಇದರ ನಕಲಾ?

ನಕಲು ಅನ್ನೋದು ದೊಡ್ಡ ಮಾತು. ನಂದಿ ಮಂಟಪ, ಸಭಾಮಂಟಪ, ವಿಮಾನ ಜೋಡಿಸಿದ ರೀತಿಯಲ್ಲಿ ಎರಡಕ್ಕೂ ಬಹಳ ಹೋಲಿಕೆ ಇದೆ. ಆದರೆ ಅದು ಬೆಟ್ಟವನ್ನೇ ಮೇಲಿಂದ ಕೆಳಗೆ ಕಡಿದದ್ದು, ಇದು ಕಲ್ಲು ಜೋಡಿಸಿ ಕಟ್ಟಿದ್ದು. ಕಾಲ ನೋಡಿ. 753ರ ಸುಮಾರಿಗೆ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ. ಅವನ ನಂತರ ಬಂದ ಒಂದನೇ ಕೃಷ್ಣ (756–773) ಕೈಲಾಸ ಮಾಡಿಸಿದ. ಸೋತವರ ಗುಡಿ ಗೆದ್ದವರಿಗೆ ಮಾದರಿಯಾಯಿತು. ಕಂಚಿಯಿಂದ ಪಟ್ಟದಕಲ್ಲಿಗೆ ಹೇಗೆ ಬಂತೋ ಇಲ್ಲಿಂದ ಎಲ್ಲೋರಕ್ಕೂ ಹಾಗೇ ಹೋಯಿತು.

ಚಾಲುಕ್ಯರು ಹೋದ ಮೇಲೆ ಗುಡಿ ಪಾಳು ಬಿತ್ತಾ?

ಇಲ್ಲ. 754ರಲ್ಲಿ, ಕೀರ್ತಿವರ್ಮನ ಆಳ್ವಿಕೆ ಅಲುಗಾಡುತ್ತಿದ್ದ ಹೊತ್ತಲ್ಲೇ, ಗಂಗೆಯ ಉತ್ತರ ದಡದ ಕಡೆಯಿಂದ ಬಂದ ಜ್ಞಾನಶಿವಾಚಾರ್ಯ ಎಂಬುವರು ಇಲ್ಲಿ ತ್ರಿಶೂಲದ ಕಂಬ ನಿಲ್ಲಿಸಿದರು. ಅದರ ಶಾಸನ ಎರಡು ಲಿಪಿಯಲ್ಲಿದೆ, ಉತ್ತರದ ಸಿದ್ಧಮಾತೃಕೆ, ನಮ್ಮ ಕಡೆಯ ಹಳಗನ್ನಡ ಲಿಪಿ. ಭಾಷೆ ಮಾತ್ರ ಸಂಸ್ಕೃತ. ಅಕ್ಕತಂಗಿಯರಲ್ಲಿ ಯಾರು ಯಾವ ಗುಡಿ ಕಟ್ಟಿಸಿದರು ಅಂತ ನಮಗೆ ಖಚಿತವಾಗಿ ಹೇಳುವುದೂ ಇದೇ ಕಂಬ.

ಆಮೇಲೆ ರಾಷ್ಟ್ರಕೂಟ ಧ್ರುವನ ಕಾಲದಲ್ಲಿ ಬಾದಿಪೊದ್ದಿ ಎಂಬ ದೇವದಾಸಿ ಗುಡಿಗೆ ಕುದುರೆಯ ರಥ, ಆನೆಯ ರಥ ಕೊಟ್ಟಳು. ಅವಳ ಹೆಸರೂ ಕಲ್ಲಿಗೆ ಬಿದ್ದಿದೆ. ಲೋಕಮಹಾದೇವಿಯೂ ಹಾಡುಗಾರರಿಗೆ ಮಾವ ವಿಜಯಾದಿತ್ಯ ಕೊಟ್ಟಿದ್ದ ಸವಲತ್ತುಗಳನ್ನು ಹಾಗೇ ಮುಂದುವರಿಸಿದ್ದಳು, ಅದಕ್ಕೂ ಶಾಸನ ಇದೆ. ರಾಣಿ, ಆಚಾರಿ, ಹಾಡುಗಾರ, ದೇವದಾಸಿ ಎಲ್ಲರೂ ಲೆಕ್ಕಕ್ಕಿರುವ ಗುಡಿ.

ಪೂಜೆ ಈಗಲೂ ನಡೆಯುತ್ತಾ?

ವಿರೂಪಾಕ್ಷನಿಗೆ ಈಗಲೂ ಪೂಜೆ ಇದೆ. ಹಾಗಾಗಿ ಚಪ್ಪಲಿ ಹೊರಗೆ ಬಿಡಿ. ಬೇಸಿಗೆಯಲ್ಲಿ ಕಲ್ಲು ಕಾದ ಹೆಂಚಿನ ಹಾಗಿರುತ್ತೆ, ದಪ್ಪ ಸಾಕ್ಸ್ ಇದ್ದರೆ ಹಾಕಿಕೊಳ್ಳಿ, ಯಾರೂ ನಗಲ್ಲ.

ಹೊಳೆ ಬಂದರೆ ಗುಡಿ ಮುಳುಗುತ್ತಾ?

ಮಲಪ್ರಭಾ ಗುಡಿಯ ಪಕ್ಕದಲ್ಲೇ ಉತ್ತರಕ್ಕೆ ತಿರುಗಿ ಹರಿಯುತ್ತೆ. ಉತ್ತರವಾಹಿನಿ ಅಂತ ಜಾಗ ಪವಿತ್ರ, ಆ ಪಾವಿತ್ರ್ಯಕ್ಕೆ ಬೆಲೆಯೂ ಇದೆ. 2019ರ ಆಗಸ್ಟ್‌ನಲ್ಲಿ ನೆರೆ ನೀರು ಗುಡಿಗಳ ಅಂಗಳಕ್ಕೆ ನುಗ್ಗಿತ್ತು. ಜೋರು ಮಳೆಗಾಲದಲ್ಲಿ ಹೊರಡುವ ಮುಂಚೆ ಹೊಳೆ ಹೇಗಿದೆ ಅಂತ ವಿಚಾರಿಸಿಕೊಳ್ಳಿ.

ಎಷ್ಟು ಹೊತ್ತು ಬೇಕು? ಯಾವಾಗ ಹೋಗಬೇಕು?

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ಮುಗಿಸ್ತೀವಿ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ವಿರೂಪಾಕ್ಷ ಒಂದಕ್ಕೇ ಎರಡು ಗಂಟೆ ಬೇಕು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಬಾದಾಮಿಯಲ್ಲಿ ಉಳಿದುಕೊಂಡು ಬೆಳಿಗ್ಗೆ ಬೇಗ ಹೊರಡಿ, ರೈಲ್ವೆ ಸ್ಟೇಷನ್ನೂ ಬಾದಾಮಿಯಲ್ಲೇ ಇದೆ, ಬಸ್ಸೂ ಸಿಗುತ್ತೆ. ವಾಪಸ್ ಬರುವಾಗ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಇಳಕಲ್ ಸೀರೆಯ ಅಜ್ಜಿಯರು ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಕೂತಿರ್ತಾರೆ. ಒಂದು ರೊಟ್ಟಿ ಸಾಕು ಅಂದರೆ ಅವರು ಕೇಳಲ್ಲ.

ಶಾಸನ ಓದೋಕೆ ನನಗೆ ಆಗುತ್ತಾ?

ಪೂರ್ತಿ ಆಗಲ್ಲ, ನನಗೂ ಆಗಲ್ಲ. ಆದರೆ ಒಂದೆರಡು ಅಕ್ಷರ ಹಿಡಿಯಬಹುದು. ಆ ಕಾಲದ "ಗ" ಒಂದು ಪುಟ್ಟ ಕಮಾನಿನ ಹಾಗಿರುತ್ತೆ. ಹೆಬ್ಬಾಗಿಲಲ್ಲಿ ನಿಂತು ಮೊದಲು ಕಮಾನುಗಳನ್ನು ಹುಡುಕಿ. ಅದರಲ್ಲಿ ಯಾವುದೋ ಒಂದು ಗುಂಡನ "ಗ".